ಕಾಫಿ ಕಣದಲ್ಲಿ ಹೈಡ್ರೋಜನ್ ಹಿಡಿದ ಕಥೆ: ಹಾಳೆ ಬರೆದಿದ್ದರಿಂದಲೇ ಆಯ್ತು

ಜನವರಿ ತಿಂಗಳ ಮಧ್ಯ. ರಾತ್ರಿ ಸುಮಾರು ಹನ್ನೊಂದು ಗಂಟೆ. ಕೊಡಗಿನ ಸಿದ್ದಾಪುರದ ಹತ್ತಿರ, ನಾವು ಕಾಫಿ ಒಣಗಿಸುವ ಕಣದಲ್ಲಿ ಹಾರ್ನ್, ಅಂದರೆ ಎಣ್ಣೆ ಡಬ್ಬದಿಂದ ಕಟ್ಟಿದ ರೇಡಿಯೋ ಆಂಟೆನಾ, ನೆಟ್ಟಗೆ ಮೇಲೆ ನೋಡುತ್ತಿತ್ತು. ಆರಿದ್ರಾ ನಕ್ಷತ್ರ ಹೆಚ್ಚು ಕಮ್ಮಿ ನೆತ್ತಿಗೆ ಬಂದಾಗ 1420.4 ಮೆಗಾಹರ್ಟ್ಸ್ ಹತ್ತಿರ, ಆಕಾಶದ ಹೈಡ್ರೋಜನ್ ಅನಿಲ ರೇಡಿಯೋ ತರಂಗ ಬಿಡುವ ಜಾಗದಲ್ಲಿ, ಒಂದು ದಿಬ್ಬ ಎದ್ದಿತು. ಮುಕ್ಕಾಲು ಡಿಬಿ (ಡೆಸಿಬೆಲ್) ಇರಬಹುದು. ಹತ್ತು ದಿನ ಬಿಟ್ಟು ಮತ್ತೆ ನೋಡಿದೆ. ನಲವತ್ತು ನಿಮಿಷ ಮೊದಲೇ ಬಂತು, ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮೊದಲು ಬರುವ ಹಾಗೆಯೇ. ಅಂದರೆ ಅದು ಯಾರದೋ ಮನೆಯ ಚಾರ್ಜರ್ ಅಲ್ಲ, ಆಕಾಶದ್ದೇ.

ಎರಡು ವರ್ಷ ಇದೇ ಸಾಮಾನು ಇಟ್ಟುಕೊಂಡು ಏನೂ ಸಿಕ್ಕಿರಲಿಲ್ಲ. ಬದಲಾದದ್ದು ಕೆಲಸದ ಕ್ರಮ ಮಾತ್ರ. ಹಲವು ದೇಶಗಳು ಸೇರಿ ಕಟ್ಟುತ್ತಿರುವ ಎಸ್‌ಕೆಎ ರೇಡಿಯೋ ಟೆಲಿಸ್ಕೋಪಿನವರು ಮಾಡುವ ಹಾಗೆ, ಯಾವ ಎರಡು ಭಾಗ ಸೇರಿದರೂ ಆ ಕೂಡಿಕೆಗೆ ಒಂದು ಇಂಟರ್‌ಫೇಸ್ ಹಾಳೆ ಬರೆದೆ, ಅಂದರೆ ಎರಡೂ ಕಡೆ ಏನೇನು ಹೊಂದಬೇಕು ಅನ್ನುವ ಪಟ್ಟಿ. ಗೆಳೆಯರು ನಂಬಲಿಲ್ಲ. "ಕಾಗದ ಬರೆದರೆ ಸಿಗ್ನಲ್ ಬರುತ್ತಾ ಮಾರಾಯ? ಅವರದ್ದು ದಕ್ಷಿಣ ಆಫ್ರಿಕಾದಲ್ಲಿ 197 ಡಿಶ್, ಆಸ್ಟ್ರೇಲಿಯಾದಲ್ಲಿ 1,31,072 ಆಂಟೆನಾ. ನಿನ್ನದು ಒಂದು ಎಣ್ಣೆ ಡಬ್ಬ" ಅಂದರು. ನಾನು ಹೇಳಿದ್ದು ಇಷ್ಟೇ: ಅಲ್ಲಿ ಡಿಶ್ ಮಾಡುವವರು ಒಂದು ದೇಶ, ಆಂಟೆನಾ ಮಾಡುವವರು ಇನ್ನೊಂದು ದೇಶ, ನಿಯಂತ್ರಣದ ಸಾಫ್ಟ್‌ವೇರಿನಲ್ಲಿ ನಮ್ಮ ಪುಣೆಯ ರೇಡಿಯೋ ಖಗೋಳ ಕೇಂದ್ರ ಎನ್‌ಸಿಆರ್‌ಎಯ ದೊಡ್ಡ ಪಾಲು. ಭಾಗಗಳೆಲ್ಲ ಚೆನ್ನಾಗಿದ್ದರೂ ಕೂಡಿಕೆಯಲ್ಲಿ ಎಡವಟ್ಟಾದರೆ ಎಲ್ಲ ನಿಂತುಹೋಗುತ್ತೆ. ನನ್ನ ಸಾಮಾನೂ ನಾಲ್ಕು ಕಡೆಯಿಂದ ಬಂದದ್ದೇ ಅಲ್ವಾ?

ನನ್ನ ದೊಡ್ಡ ನಷ್ಟವೇ ಇದಕ್ಕೆ ಸಾಕ್ಷಿ. ಏಪ್ರಿಲ್-ಮೇನಲ್ಲಿ ಇಲ್ಲಿ ಸಿಡಿಲು ಹೇಗಿರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಹೆದರಿ ಕೇಬಲ್ ಮಧ್ಯೆ ಒಂದು ಸಿಡಿಲು ತಡೆ ಹಾಕಿದೆ. ಸಾವಿರದಿನ್ನೂರೋ ಏನೋ ಕೊಟ್ಟಿದ್ದೆ. ಒಳ್ಳೆಯ ಸಾಮಾನು. ಆದರೆ ಅದು ಕ್ವಾರ್ಟರ್ ವೇವ್ ಜಾತಿಯದು, ಡಿಸಿಯನ್ನು ನೇರ ಅರ್ತಿಗೆ ಇಳಿಸುತ್ತೆ. ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ನನ್ನ ಎಲ್‌ಎನ್‌ಎಗೆ ಕರೆಂಟ್ ಹೋಗುವುದು ಅದೇ ಕೇಬಲ್ಲಿನಲ್ಲಿ! ಎರಡು ತಿಂಗಳು ಎಲ್‌ಎನ್‌ಎಯನ್ನೇ ಅನುಮಾನಿಸಿದೆ. ಆರು ಸಾವಿರ ಕೊಟ್ಟು ಇನ್ನೊಂದು ತರಿಸಿದೆ. ಕೊನೆಗೆ ಡಾಂಗಲ್ಲಿನ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಬಯಸ್ ಟೀ, ಅಂದರೆ ಕೇಬಲ್ಲಿಗೆ ಕರೆಂಟ್ ಕೊಡುವ ಭಾಗ, ಸತ್ತಿತು, ಅದು ನಾಲ್ಕೂವರೆ ಸಾವಿರ. ಹಾಳೆಯಲ್ಲಿ "ಈ ಕೂಡಿಕೆ ಡಿಸಿ ಬಿಡುತ್ತಾ?" ಅಂತ ಒಂದು ಸಾಲು ಇದ್ದಿದ್ದರೆ ಈ ದುಡ್ಡು ಉಳಿಯುತ್ತಿತ್ತು. ಈಗ ಆ ಸಾಲು ನನ್ನ ಏಳೂ ಹಾಳೆಗಳಲ್ಲಿ ಮೊದಲನೆಯದು. ಆಮೇಲೆ ಕನೆಕ್ಟರ್ ಯಾವುದು, ಎಷ್ಟು ಡಿಬಿ ನಷ್ಟ, ನೀರು ಎಲ್ಲಿಂದ ಇಳಿಯುತ್ತೆ. ಪ್ರತಿ ಸಾಲಿನ ಎದುರು, ಅದನ್ನು ಪರೀಕ್ಷಿಸುವುದು ಹೇಗೆ ಅಂತಲೂ ಬರೆದಿದ್ದೇನೆ. ಅಳೆದೋ, ಲೆಕ್ಕ ಹಾಕಿಯೋ, ಕಣ್ಣಲ್ಲಿ ನೋಡಿಯೋ.

ಇಡೀ ವ್ಯವಸ್ಥೆಗೆ ಮೇಲಿನ ಬೇಡಿಕೆ ಒಂದೇ ಇಟ್ಟೆ: ಹಾರ್ನನ್ನು ಮರದ ಕಡೆ ತಿರುಗಿಸಿದಾಗಲೂ ಖಾಲಿ ಆಕಾಶಕ್ಕೆ ತಿರುಗಿಸಿದಾಗಲೂ ಬರುವ ನಾಯ್ಸ್ ನಡುವೆ 4 ಡಿಬಿ ವ್ಯತ್ಯಾಸ ಬರಬೇಕು. ಕಣದ ಪಕ್ಕದಲ್ಲಿ ಮೆಣಸಿನ ಬಳ್ಳಿ ಹಬ್ಬಿದ ದಟ್ಟ ಸಿಲ್ವರ್ ಓಕ್ ಸಾಲಿದೆ. ಅದೇ ನನ್ನ 300 ಕೆಲ್ವಿನ್, ಅಂದರೆ ತಣ್ಣಗಿನ ಆಕಾಶಕ್ಕೆ ಹೋಲಿಸಲು ಬೆಚ್ಚಗಿನ ವಸ್ತು. ಮೊದಲು ಎರಡು ಡಿಬಿಯೂ ಬರುತ್ತಿರಲಿಲ್ಲ. ಹಾಳೆ ನೋಡಿದರೆ ಕಾರಣ ಎದುರಿಗೇ ಇತ್ತು. ಆರು ಮೀಟರ್ ತೆಳು ಕೇಬಲ್ಲಿನಲ್ಲಿ ಸಿಗ್ನಲ್ ಸೊರಗಿದ ಮೇಲೆ ಎಲ್‌ಎನ್‌ಎ ಕೂತಿತ್ತು. ಅದನ್ನು ಡಬ್ಬದ ಬೆನ್ನಿಗೇ ಬಿಗಿದೆ. ನಾಲ್ಕು ಬಂತು, ಒಂದೊಂದು ದಿನ ಇನ್ನೂ ಸ್ವಲ್ಪ ಜಾಸ್ತಿ.

ಡಬ್ಬದ ವಿಷಯ. 15 ಕೆಜಿ ಎಣ್ಣೆ ಟಿನ್ ತಗೋಬೇಡಿ, ಈ ತರಂಗಕ್ಕೆ ಅದು ತೀರಾ ಅಗಲ. ನಾನು ಬಳಸಿದ್ದು 16 ಸೆಂ.ಮೀ. ಅಗಲದ ಐದು ಲೀಟರಿನದು. ಒಳಗೆ ಸಿಗ್ನಲ್ ಹಿಡಿಯುವ ತಂತಿ, ಅಂದರೆ ಪ್ರೋಬ್, 5.2 ಸೆಂ.ಮೀ. ಹತ್ತಿರ, ಹಿಂದಿನ ತಗಡಿನಿಂದ ಏಳರ ಆಸುಪಾಸು. ಆಂಟೆನಾ ಅಳೆಯುವ ವಿಎನ್‌ಎ ಉಪಕರಣ ಇಲ್ಲದೆ ಅದನ್ನು ಕೊನೆಯ ಮಿಲಿಮೀಟರ್‌ವರೆಗೆ ಹೇಗೆ ಕೂರಿಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಅದಕ್ಕೆ ಒಂದು ಮಳೆಗಾಲ ಪೂರ್ತಿ ಖರ್ಚಾಗಿದೆ.

ಮಳೆಗಾಲ ಅಂದಾಗ ನೆನಪಾಯ್ತು. 1951ರಲ್ಲಿ ಹಾರ್ವರ್ಡ್‌ನಲ್ಲಿ ಈವನ್ ಮತ್ತು ಪರ್ಸೆಲ್ ಇದೇ ಗೆರೆಯನ್ನು ಮೊದಲ ಸಲ ಹಿಡಿದಾಗ, ಕಿಟಕಿಯಾಚೆ ಚಾಚಿದ್ದ ಅವರ ಹಾರ್ನಿನಿಂದಲೂ ಮಳೆನೀರು ಲ್ಯಾಬಿನೊಳಗೆ ಬರುತ್ತಿತ್ತಂತೆ. ನಾನು ಬಾಯಿಗೆ ಟಾರ್ಪಲ್ ಕಟ್ಟಿದೆ. ಒಣಗಿದ್ದಾಗ ಏನೂ ತೊಂದರೆ ಇಲ್ಲ. ಸುಮ್ನೆ ಕುತೂಹಲಕ್ಕೆ ಒಂದು ಕೊಡ ನೀರು ಹುಯ್ದು ಅಳೆದೆ. ಮರಕ್ಕೂ ಆಕಾಶಕ್ಕೂ ಇದ್ದ ವ್ಯತ್ಯಾಸ ಅರ್ಧ ಡಿಬಿ ಇಳಿಯಿತು, ಒರೆಸಿದರೆ ವಾಪಸ್ ಬಂತು. ಮಂಜು ಬೀಳುವ ರಾತ್ರಿಗಳಲ್ಲಿ ಲೆಕ್ಕ ಯಾಕೆ ತಪ್ಪುತ್ತಿತ್ತು ಅಂತ ಆವತ್ತು ಗೊತ್ತಾಯ್ತು. ಈಗ ಟಾರ್ಪಲ್ಲನ್ನು ಇಳಿಜಾರಾಗಿ ಕಟ್ಟುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆನೆ ಬೇಲಿ. ವಾಟರ್‌ಫಾಲಿನಲ್ಲಿ, ಅಂದರೆ ಸಿಗ್ನಲ್ ಹರಿದು ಕಾಣುವ ಪರದೆಯ ಚಿತ್ರದಲ್ಲಿ, ಸೆಕೆಂಡಿಗೊಂದರಂತೆ ಅಡ್ಡಗೆರೆ. ಎಷ್ಟೋ ದಿನ ಡಾಂಗಲ್ಲಿನ ದೋಷ ಅಂದುಕೊಂಡಿದ್ದೆ. ಒಂದು ರಾತ್ರಿ ಬೇಲಿಯ ಹತ್ತಿರ ನಿಂತೆ. ಒದ್ದೆ ಹುಲ್ಲು ತಂತಿಗೆ ತಾಗಿದ ಜಾಗದಲ್ಲಿ ಚಟ್, ಚಟ್ ಅಂತ ನೀಲಿ ಕಿಡಿ. ಅದೇ ಲಯ. ಎಸ್‌ಕೆಎಯವರು ಇಂಥ ಗಲಾಟೆಯಿಂದ ದೂರ ಇರಲಿಕ್ಕೇ ಜನ ವಿರಳವಾದ ದಕ್ಷಿಣ ಆಫ್ರಿಕಾದ ಕರೂಗೆ, ಆಸ್ಟ್ರೇಲಿಯಾದ ಮರ್ಚಿಸನ್‌ಗೆ ಹೋದರು. ನನಗೆ ಬೇಲಿ ಆಫ್ ಮಾಡುವ ಹಾಗಿಲ್ಲ, ಮಾಡಿದರೆ ಬೆಳಿಗ್ಗೆ ಬಾಳೆ ಇರುವುದಿಲ್ಲ. ಹಾಗಾಗಿ ಬೇಲಿಗೂ ಒಂದು ಹಾಳೆ ಬರೆದೆ. ತಂತಿಯ ಕೆಳಗೆ ಹುಲ್ಲು ಹದಿನೈದು ದಿನಕ್ಕೊಮ್ಮೆ ಕಡಿಸಬೇಕು, ಬೇಲಿಯ ಅರ್ತ್ ಬೇರೆ, ನನ್ನದು ಬೇರೆ, ಯುಎಸ್‌ಬಿ ಕೇಬಲ್‌ಗೆ ಗಲಾಟೆ ತಡೆಯುವ ಫೆರೈಟ್ ಉಂಗುರ. ಗೆರೆ ಹೋಯ್ತು. ಟೆಲಿಸ್ಕೋಪಿನ ಭಾಗವೇ ಅಲ್ಲದ ಒಂದು ವಸ್ತುವಿಗೆ ಬರೆದ ಆ ಹಾಳೆಯೇ ನನಗೆ ಎಲ್ಲಕ್ಕಿಂತ ಲಾಭ ಕೊಟ್ಟದ್ದು.

ಹಾಳೆ ಇಲ್ಲದ ಎರಡು ವರ್ಷಕ್ಕೆ ಹೋದದ್ದು ಮೂವತ್ತೆಂಟು ಸಾವಿರದ ಹತ್ತಿರ. ಬರೆದ ಮೇಲೆ ಒಂಬತ್ತು. "ಕಾಗದ ಬರೆದರೆ ಬರುತ್ತಾ" ಅಂದ ಗೆಳೆಯ ಹೋದ ವಾರ ಬಂದು ಏಳೂ ಹಾಳೆಗಳ ಫೋಟೋ ತಗೊಂಡು ಹೋದ. ಈಗ ಎರಡನೇ ಹಾರ್ನ್ ಕಟ್ಟುತ್ತಿದ್ದೇನೆ. ಎರಡನ್ನೂ ಜೋಡಿಸಲು ಒಂದೇ ಕ್ಲಾಕ್ ಬೇಕು. ಎಂಟನೇ ಹಾಳೆ ಅದರದ್ದೇ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಮುಗಿಸಬೇಕು.