273.15 ಕೂಡುವುದೆಲ್ಲಿ, ಬಿಡುವುದೆಲ್ಲಿ

ಸೆಲ್ಸಿಯಸ್‌ನಿಂದ ಕೆಲ್ವಿನ್‌ಗೆ ಹೋಗಲು 273.15 ಕೂಡಿ, ಕೆಲ್ವಿನ್‌ನಿಂದ ಸೆಲ್ಸಿಯಸ್‌ಗೆ ಬರಲು ಅಷ್ಟನ್ನೇ ಕಳೆಯಿರಿ. ಗುಣಾಕಾರ, ಭಾಗಾಕಾರ ಯಾವುದೂ ಬೇಡ. ಎರಡೂ ಮಾಪಕಗಳಲ್ಲಿ ಮೆಟ್ಟಿಲಿನ ಎತ್ತರ ಒಂದೇ, ಎಣಿಕೆ ಶುರುವಾಗುವ ಜಾಗ ಬೇರೆ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವಲ್ಲಿದೆ. ಕೆಲ್ವಿನ್‌ನ ಸೊನ್ನೆ ಅದಕ್ಕಿಂತ 273.15 ಡಿಗ್ರಿ ಕೆಳಗೆ, ಇನ್ನು ತಣ್ಣಗಾಗಲು ಸಾಧ್ಯವೇ ಇಲ್ಲದ ನಿರಪೇಕ್ಷ ಶೂನ್ಯದಲ್ಲಿದೆ. ಇಷ್ಟು ಸಲೀಸಾದ ಲೆಕ್ಕದಲ್ಲೂ ಪಿಯುಸಿ ಮಕ್ಕಳ ಅಂಕ ಹೋಗುತ್ತದೆ. ಕೂಡಲು ಬರುವುದಿಲ್ಲ ಅಂತಲ್ಲ. ಕೂಡಬಾರದ ಕಡೆ ಕೂಡಿ, ಕೂಡಲೇಬೇಕಾದ ಕಡೆ ಮರೆತು ಹೋಗುತ್ತದೆ.

ಮೊದಲು ಬಾಯಿಲೆಕ್ಕ. 273 ಕೂಡುವ ಬದಲು 300 ಕೂಡಿ 27 ಕಳೆಯಿರಿ. ಶಿವಮೊಗ್ಗದಲ್ಲಿ ಇವತ್ತು 28 ಡಿಗ್ರಿ ಎಂದರೆ 328, ಅದರಲ್ಲಿ 27 ಹೋದರೆ 301 ಕೆಲ್ವಿನ್. ವಾಪಸ್ ಬರುವಾಗ 300 ಕಳೆದು 27 ಕೂಡಿ: 345 ಕೆಲ್ವಿನ್ ಎಂದರೆ 45, ಜೊತೆಗೆ 27, ಒಟ್ಟು 72 ಡಿಗ್ರಿ. ಕೊಡಚಾದ್ರಿಯ ತುದಿ ಸುಮಾರು 1,343 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 95.5 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅದು 368.65 ಕೆಲ್ವಿನ್. ಪುಸ್ತಕದ 373.15 ಸಮುದ್ರಮಟ್ಟದ ಒತ್ತಡಕ್ಕೆ ಹೇಳಿದ್ದು, ಮಲೆನಾಡಿನ ಯಾವ ಒಲೆಗೂ ಅದು ಪೂರ್ತಿ ಹೊಂದುವುದಿಲ್ಲ.

273 ಸಾಕೋ, 273.15 ಬೇಕೋ? ಕೊಟ್ಟಿರುವ ಸಂಖ್ಯೆಯನ್ನು ನೋಡಿ ತೀರ್ಮಾನಿಸಿ. ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ. ಭದ್ರಾವತಿಯ ಕುಲುಮೆಯ ಲೆಕ್ಕಕ್ಕೆ 1,811 ಕೆಲ್ವಿನ್ ಎಂದು ಬರೆದರೆ ಸಾಕು, .15 ಅಲ್ಲಿ ಬರಿಯ ಅಲಂಕಾರ. ಆದರೆ ಥರ್ಮಾಮೀಟರ್ 36.84 ಎಂದು ಎರಡು ದಶಮಾಂಶ ತೋರಿಸುತ್ತಿದ್ದರೆ 273 ಬಳಸಬೇಡಿ, ಉಪಕರಣ ಕೊಟ್ಟ ನಿಖರತೆಯನ್ನು ನೀವೇ ಎಸೆದಂತಾಗುತ್ತದೆ. ಇನ್ನು 273.16 ಎಂಬುದೂ ಕೆಲವು ಕಡೆ ಕಾಣುತ್ತದೆ. ಅದು ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲ ತ್ರಿಕ ಬಿಂದು, ಅಂದರೆ 0.01 ಡಿಗ್ರಿ. 2019ರ ಮೇ 20ರವರೆಗೆ ಕೆಲ್ವಿನ್‌ನ ವ್ಯಾಖ್ಯೆ ಆ ಬಿಂದುವಿನ ಮೇಲೆ ನಿಂತಿತ್ತು, ಈಗ ಬೋಲ್ಟ್ಸ್‌ಮನ್ ಸ್ಥಿರಾಂಕದ (ಉಷ್ಣಾಂಶವನ್ನು ಶಕ್ತಿಗೆ ಜೋಡಿಸುವ ನಿಗದಿತ ಸಂಖ್ಯೆ) ಮೇಲೆ ನಿಂತಿದೆ. ಪರಿವರ್ತನೆಗೆ ಎಂದೂ 273.16 ಕೂಡಬೇಡಿ.

ಈಗ ಕೂಡಬಾರದ ಜಾಗ. ವ್ಯತ್ಯಾಸ ಕೇಳಿದಾಗ 273.15ಕ್ಕೆ ಕೆಲಸವೇ ಇಲ್ಲ. ಬೆಳಗ್ಗೆ 16, ಮಧ್ಯಾಹ್ನ 31 ಆದರೆ ಏರಿಕೆ 15 ಡಿಗ್ರಿ. ಕೆಲ್ವಿನ್‌ನಲ್ಲೂ ಅದು 15 ಮಾತ್ರ. ಅಡಿಕೆ ಬೇಯಿಸುವ ಹಂಡೆಯಲ್ಲಿ 50 ಲೀಟರ್ ನೀರು 25ರಿಂದ 98 ಡಿಗ್ರಿಗೆ ಏರಬೇಕು ಎನ್ನಿ. ಏರಿಕೆ 73. ಒಂದು ಕೆಜಿ ನೀರಿಗೆ ಡಿಗ್ರಿಗೆ 4.18 ಕಿಲೋಜೌಲ್‌ನಂತೆ ಬೇಕಾದ ಶಾಖ ಸುಮಾರು 15,250 ಕಿಲೋಜೌಲ್. 73ಕ್ಕೂ 273 ಸೇರಿಸಿ 346 ಎಂದು ಹಿಡಿದರೆ ಉತ್ತರ 72,000 ದಾಟುತ್ತದೆ, ಸೌದೆಯ ಅಂದಾಜು ಐದು ಪಟ್ಟಿನ ಹತ್ತಿರ ಹೋಗುತ್ತದೆ. ಎರಡೂ ತುದಿಗಳನ್ನು ಮೊದಲೇ ಕೆಲ್ವಿನ್ ಮಾಡಿಕೊಂಡು ಕಳೆದರೂ (371.15 − 298.15) 73 ಬರುತ್ತದೆ, ತಪ್ಪೇನಿಲ್ಲ. ಒಂದು ತುದಿಯನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಮಾತ್ರ ಕೆಟ್ಟಿತು.

ಕೂಡಲೇಬೇಕಾದ ಜಾಗ ಅನುಪಾತದ್ದು. ಅನಿಲದ ಒತ್ತಡ, ಗಾತ್ರ, ವಿಕಿರಣದ ಲೆಕ್ಕದಲ್ಲಿ ಒಂದು ಉಷ್ಣಾಂಶವನ್ನು ಇನ್ನೊಂದರಿಂದ ಭಾಗಿಸುವಾಗ, ಇಲ್ಲವೇ ಸೂತ್ರದಲ್ಲಿ ಉಷ್ಣಾಂಶವೇ ಗುಣಿಸಿಕೊಂಡು ಬಂದಾಗ ಕೆಲ್ವಿನ್ ಬಿಟ್ಟರೆ ದಾರಿಯಿಲ್ಲ. ಕಾರಿನ ಟೈರಿಗೆ ಚಳಿಗಾಲದ ಬೆಳಗ್ಗೆ 16 ಡಿಗ್ರಿಯಲ್ಲಿ 32 ಪಿಎಸ್‌ಐ ಗಾಳಿ ತುಂಬಿಸಿದ್ದೀರಿ. ಬಿಸಿಲಿಗೆ ನಿಂತು ಟೈರಿನೊಳಗಿನ ಗಾಳಿ 36 ಡಿಗ್ರಿಗೆ ಏರಿತು. 36ನ್ನು 16ರಿಂದ ಭಾಗಿಸಿದರೆ 2.25, ಅಂದರೆ ಮೀಟರಿನಲ್ಲಿ 72 ಬರಬೇಕು! ಹಾಗಾಗುವಂತಿದ್ದರೆ ಆಗುಂಬೆ ಘಾಟಿ ಇಳಿಯುವ ಯಾವ ಟೈರೂ ಉಳಿಯುತ್ತಿರಲಿಲ್ಲ.

ಸರಿಯಾದ ದಾರಿ ಹೀಗೆ. ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ. ಹಾಗಾಗಿ ಮೊದಲು ಹೊರಗಿನ ಒತ್ತಡ ಸೇರಿಸಿ. ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ ಅದು 13.7 ಪಿಎಸ್‌ಐ ಆಸುಪಾಸು. 32 + 13.7 = 45.7. ಉಷ್ಣಾಂಶದ ಅನುಪಾತ 309.15 ÷ 289.15, ಅಂದರೆ 1.069. ಗುಣಿಸಿದರೆ 48.9, ಅದರಲ್ಲಿ 13.7 ಕಳೆದರೆ ಮೀಟರಿನಲ್ಲಿ 35ಕ್ಕಿಂತ ತುಸು ಹೆಚ್ಚು. ಟೈರಿನ ಗಾತ್ರ ಬದಲಾಗಲಿಲ್ಲ ಎಂದು ಹಿಡಿದ ಲೆಕ್ಕವಿದು. ಈ ಲೆಕ್ಕ ಎಡವುವುದು ಎರಡು ಕಡೆ, ಉಷ್ಣಾಂಶದ ಸೊನ್ನೆಯಲ್ಲಿ ಮತ್ತು ಒತ್ತಡದ ಸೊನ್ನೆಯಲ್ಲಿ. ಮೊದಲನೆಯದನ್ನು ಎಲ್ಲರೂ ಹೇಳಿಕೊಡುತ್ತಾರೆ, ಎರಡನೆಯದನ್ನು ಹೇಳುವವರು ಕಡಿಮೆ.

ಋಣ ಚಿಹ್ನೆ ಬಂದಾಗ ಕೈ ತಡೆಯುವುದು ಸಹಜ. ಪಶು ಆಸ್ಪತ್ರೆಯ ನೈಟ್ರೋಜನ್ ಕ್ಯಾನ್ ತೆಗೆದುಕೊಳ್ಳಿ. ಬೆದೆಗೆ ಬಂದ ಹಸುವಿಗೆ ಕೊಡುವ ವೀರ್ಯದ ಸ್ಟ್ರಾ ಇರುವುದು −196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ. −196 + 273.15 = 77.15 ಕೆಲ್ವಿನ್. ಕ್ಯಾಲ್ಕುಲೇಟರಿನಲ್ಲಿ ಋಣ ಚಿಹ್ನೆ ಬಿಟ್ಟುಹೋದರೆ 469.15 ಬರುತ್ತದೆ, ಅದು ಹುರಿಯುವ ಬಾಣಲೆಯ ಶಾಖ. ಸ್ಟ್ರಾ ಕರಗಿಸುವ ನೀರು 37 ಡಿಗ್ರಿ, ಅಂದರೆ 310.15 ಕೆಲ್ವಿನ್. ಉತ್ತರ ಸರಿಯಿದೆಯೇ ಎಂದು ನೋಡಲು ಎರಡು ಗುರುತು ಸಾಕು: ಕೆಲ್ವಿನ್ ಸಂಖ್ಯೆ ಯಾವಾಗಲೂ ಸೆಲ್ಸಿಯಸ್ ಸಂಖ್ಯೆಗಿಂತ ದೊಡ್ಡದಿರಬೇಕು, ಸೊನ್ನೆಗಿಂತ ಕೆಳಗೆ ಇಳಿದಿರಬಾರದು.

ಎಲ್‌ಇಡಿ ಬಲ್ಬಿನ ಡಬ್ಬದ ಮೇಲಿನ 6500 ಕೆಲ್ವಿನ್ ನೋಡಿ ಬಲ್ಬು 6,227 ಡಿಗ್ರಿ ಬಿಸಿ ಎಂದುಕೊಳ್ಳಬೇಡಿ. ಅಷ್ಟು ಕಾದ ಆದರ್ಶ ಕಪ್ಪು ವಸ್ತು (ಮೇಲೆ ಬಿದ್ದ ಬೆಳಕನ್ನೆಲ್ಲ ಹೀರಿಕೊಳ್ಳುವ ಕಲ್ಪಿತ ವಸ್ತು) ಚೆಲ್ಲುವ ಬೆಳಕಿನ ಬಣ್ಣ ಅದು. ಹಳದಿ ಬೆಳಕು ಬೇಕಿದ್ದರೆ 2700 ಅಥವಾ 3000 ಇರುವುದನ್ನು ಕೇಳಿ.

ಜ್ವರದ ಥರ್ಮಾಮೀಟರ್ ಫ್ಯಾರನ್‌ಹೀಟ್‌ನಲ್ಲಿದ್ದರೆ ಮೊದಲು ಸೆಲ್ಸಿಯಸ್‌ಗೆ ಬನ್ನಿ: 32 ಕಳೆದು 5ರಿಂದ ಗುಣಿಸಿ 9ರಿಂದ ಭಾಗಿಸಿ, ಆಮೇಲೆ 273.15 ಕೂಡಿ. 102 ಡಿಗ್ರಿ ಜ್ವರ 38.89 ಸೆಲ್ಸಿಯಸ್, 312.04 ಕೆಲ್ವಿನ್. ಉತ್ತರ ಬರೆಯುವಾಗ ಕೆಲ್ವಿನ್‌ಗೆ ಡಿಗ್ರಿಯ ಸೊನ್ನೆ ಹಾಕಬೇಡಿ. 1967ರಲ್ಲೇ ಅದನ್ನು ಅಂತರರಾಷ್ಟ್ರೀಯ ಅಳತೆ ಸಮ್ಮೇಳನ ಕೈಬಿಟ್ಟಿದೆ. ಎಕ್ಸೆಲ್‌ನಲ್ಲಿ ಉದ್ದ ಪಟ್ಟಿ ಬದಲಿಸುವುದಿದ್ದರೆ ಚೌಕದಲ್ಲಿ ಸಂಖ್ಯೆ ಮಾತ್ರ ಇರಲಿ, ಡಿಗ್ರಿ ಚಿಹ್ನೆಯನ್ನು ಕಾಲಮ್ಮಿನ ತಲೆಬರಹಕ್ಕೆ ಹಾಕಿ. 28ರ ಪಕ್ಕ ಚಿಹ್ನೆ ಬೆರಳಚ್ಚಿಸಿದರೆ ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿದು ಕೂಡಲು ಒಪ್ಪುವುದಿಲ್ಲ.