ಫ್ಲೈಟ್ ಊಟದಲ್ಲಿ ಮೋಸ ಹೋಗದೆ, ಮಂಡಿ ಹಿಡ್ಕೊಳ್ಳದೆ ದೂರದ ಪ್ರಯಾಣ ಮಾಡೋದು ಹೇಗೆ

ಮೊದಲೇ ಹೇಳ್ಬಿಡ್ತೀನಿ, ಬುಕಿಂಗ್ ಮಾಡುವಾಗ "ಹಿಂದೂ ಮೀಲ್" ಅಂತ ಕಂಡ ತಕ್ಷಣ ಸಸ್ಯಾಹಾರ ಅಂದ್ಕೊಂಡು ಟಿಕ್ ಮಾಡ್ಬೇಡಿ. ನಾನು ಮಾಡಿದ್ದೆ. ನಮ್ಮಮ್ಮನ್ನ ಮೊದಲನೇ ಸಲ ಅಮೆರಿಕಾಗೆ ಕರ್ಕೊಂಡು ಹೋಗ್ತಿದ್ದೆ, ನಡುರಾತ್ರೀಲಿ ಟ್ರೇ ಬಂತು, ಅಮ್ಮ ಫಾಯಿಲ್ ಮುಚ್ಚಳ ಒಂದು ಮೂಲೆ ಎತ್ತಿ, ಮೂಸಿ ನೋಡಿ, ಮತ್ತೆ ಹಂಗೇ ಮಡಚಿಟ್ಟು "ಇದು ಕೋಳಿ ಕಣೋ" ಅಂದ್ರು. ಆಮೇಲೆ ಪೂರ್ತಿ ದಾರಿ ಬನ್ನು, ಬೆಣ್ಣೆ, ಕಾಫಿ. ತಪ್ಪು ಏರ್‌ಲೈನ್‌ದಲ್ಲ, ನಂದೇ. ಎಚ್‌ಎನ್‌ಎಂಎಲ್ ಅನ್ನೋ ಹಿಂದೂ ಮೀಲ್ ಕೋಡ್ ಅಂದ್ರೆ ದನದ ಮಾಂಸ ಇಲ್ಲದ ಮಾಂಸಾಹಾರ ಅಷ್ಟೇ.

ನಮಗೆ ಬೇಕಾಗಿರೋದು ಎವಿಎಂಎಲ್, ಅಂದ್ರೆ ಏಷ್ಯನ್ ವೆಜಿಟೇರಿಯನ್, ಸಾಮಾನ್ಯವಾಗಿ ಅನ್ನ, ಪಲ್ಯ, ದಾಲ್ ಥರ ಬರತ್ತೆ. ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನೋರಿಗೆ ವಿಜೆಎಂಎಲ್, ಜೈನ್ ಊಟ, ಆದ್ರೆ ಅದರಲ್ಲಿ ಆಲೂಗಡ್ಡೇನೂ ಇರಲ್ಲ. ವಿಎಲ್‌ಎಂಎಲ್ ಅನ್ನೋದೂ ವೆಜ್ಜೇ, ಆದ್ರೆ ಅದರಲ್ಲಿ ಮೊಟ್ಟೆ ಇರಬಹುದು, ಹುಷಾರು. ಹೊರಡೋಕೆ ಕನಿಷ್ಠ 24 ಗಂಟೆ ಮುಂಚೆ ಹಾಕ್ಬೇಕು, ಆದ್ರೆ ಟಿಕೆಟ್ ತಗೊಂಡ ದಿನವೇ ಹಾಕ್ಬಿಡಿ, ಮತ್ತೆ ಎರಡು ಬೇರೆ ಏರ್‌ಲೈನ್ ಸೇರಿರೋ ಟಿಕೆಟ್ ಆದ್ರೆ ಎರಡೂ ಕಡೆ ಬೇರೆ ಬೇರೆ ಚೆಕ್ ಮಾಡಿ, ಫ್ಲೈಟ್ ಟೈಮ್ ಬದಲಾದ್ರೆ ಮತ್ತೊಂದ್ಸಲ ನೋಡಿ, ಯಾಕಂದ್ರೆ ರಿಕ್ವೆಸ್ಟ್ ಬಿದ್ದುಹೋಗಿರೋ ಚಾನ್ಸ್ ಇರತ್ತೆ. ಇನ್ನೊಂದು ಲಾಭ, ಸ್ಪೆಷಲ್ ಊಟ ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಬರತ್ತೆ.

ಇಷ್ಟೆಲ್ಲ ನಾವೇ ಯಾಕೆ ನೋಡ್ಕೋಬೇಕು, ಹಳೇ ಕಾಲದಲ್ಲಿ ರಾಜೋಪಚಾರ ಇತ್ತಂತಲ್ಲ ಅಂತ ಕೇಳ್ತಾರೆ. ಇತ್ತು. 1919ರಲ್ಲಿ ಲಂಡನ್–ಪ್ಯಾರಿಸ್ ಫ್ಲೈಟಲ್ಲಿ 3 ಶಿಲ್ಲಿಂಗ್‌ಗೆ ಊಟದ ಡಬ್ಬಿ ಕೊಡೋದ್ರಿಂದ ಶುರುವಾಗಿದ್ದು, 1950ರ ದಶಕದ ಹೊತ್ತಿಗೆ ಎಲ್ಲಿಗೋ ಹೋಯ್ತು. ಆಗ ಟಿಕೆಟ್ ರೇಟು ಏರ್‌ಲೈನ್‌ಗಳೆಲ್ಲ ಸೇರಿ ಮೊದಲೇ ಫಿಕ್ಸ್ ಮಾಡಿರೋದು, ಹಂಗಾಗಿ ಪೈಪೋಟಿ ಮಾಡೋಕೆ ಉಳಿದಿದ್ದೇ ಊಟ. 1958ರಲ್ಲಿ ಅಗ್ಗದ ಟಿಕೆಟ್‌ನವರಿಗೆ ಬರೀ ಸಾದಾ ಸ್ಯಾಂಡ್‌ವಿಚ್ ಕೊಡ್ಬೇಕು ಅಂತ ರೂಲ್ ಆದಾಗ, ಸ್ಕ್ಯಾಂಡಿನೇವಿಯಾದ ಏರ್‌ಲೈನ್ ಎಸ್‌ಎಎಸ್‌ನವರು ಬ್ರೆಡ್ ಮೇಲೆ ತಟ್ಟೆ ತುಂಬೋವಷ್ಟು ಪೇರಿಸಿ ಇದೂ ಸ್ಯಾಂಡ್‌ವಿಚ್ಚೇ ಅಂದ್ರು, ಜಗಳ ಆಗಿ ದಂಡಾನೂ ಬಿತ್ತು! 1978ರಲ್ಲಿ ಅಮೆರಿಕಾ ತನ್ನ ದೇಶದೊಳಗೆ ರೇಟಿನ ಕಟ್ಟು ಬಿಚ್ಚಿದ ಮೇಲೆ ಪೈಪೋಟಿ ಟಿಕೆಟ್ ಬೆಲೆಗೆ ತಿರುಗ್ತು, ತಟ್ಟೆಯಿಂದ ಒಂದೊಂದೇ ಐಟಂ ಮಾಯ. 1987ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮುಖ್ಯಸ್ಥ ರಾಬರ್ಟ್ ಕ್ರಾಂಡಲ್ ಸಲಾಡಿಂದ ಒಂದೇ ಒಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದ್ರು ಅನ್ನೋ ಕಥೆ ಈಗಲೂ ಓಡ್ತಾ ಇದೆ. ನಮ್ಮಲ್ಲಿ 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿಂದ ಏರ್ ಡೆಕ್ಕನ್ ಶುರು ಮಾಡಿದ್ದೇ ಈ ಲೆಕ್ಕದ ಮೇಲೆ, ತಿಂಡಿಗೆ ದುಡ್ಡು, ಆದ್ರೆ ಟಿಕೆಟ್ ಕಮ್ಮಿ. ನಂಗಂತೂ ಆ ರಾಜೋಪಚಾರದ ಬಗ್ಗೆ ಬೇಜಾರಿಲ್ಲ, ಅದಿದ್ದಾಗ ನಮ್ಮ ಮನೇಲಿ ಯಾರೂ ವಿಮಾನ ಹತ್ತಿರಲಿಲ್ಲ.

ಊಟ ಸಪ್ಪೆ ಅನ್ಸೋದಕ್ಕೆ ಅಡುಗೆಯವರನ್ನೇ ಬೈಬೇಡಿ. ವಿಮಾನ ಎಷ್ಟೇ ಎತ್ತರದಲ್ಲಿರಲಿ, ಒಳಗಿನ ಗಾಳಿ ಒತ್ತಡ ಸುಮಾರು 6,000ದಿಂದ 8,000 ಅಡಿ ಬೆಟ್ಟದ ಮೇಲಿದ್ದಂಗೆ ಇರತ್ತೆ. ಮುಳ್ಳಯ್ಯನಗಿರಿ ತುದೀಲಿ ಕೂತು ಊಟ ಮಾಡ್ದಂಗೆ, ಅದೂ ಮಳೆಗಾಲದ ತೇವ ಇಲ್ಲದೆ. ಗಾಳಿ ಒಣಗಿರೋದ್ರಿಂದ ಮೂಗು ಕೆಲಸ ಮಾಡಲ್ಲ, ನಾಲಿಗೆಗೆ ಉಪ್ಪು, ಸಿಹಿ ಎರಡೂ ಕಮ್ಮಿ ಗೊತ್ತಾಗತ್ತೆ. ಲುಫ್ತಾನ್ಸಾ ಇದನ್ನ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಕೈಲಿ ಪರೀಕ್ಷೆನೇ ಮಾಡಿಸಿತ್ತು, ಮೇಲೆ ಜನ ಟೊಮೇಟೊ ಜ್ಯೂಸ್ ಯಾಕೆ ಅಷ್ಟು ಕುಡೀತಾರೆ ಅಂತ ನೋಡೋಕೆ. ಹಂಗಾಗಿ ಗ್ರೇವಿ ಇರೋದನ್ನೇ ಆರಿಸ್ಕೊಳ್ಳಿ. ಕೆಳಗೆ ಬೇಯಿಸಿ, ತಣ್ಣಗೆ ಮಾಡಿ, ಮೇಲೆ ಮತ್ತೆ ಬಿಸಿ ಮಾಡೋದ್ರಲ್ಲಿ ಒಣ ಐಟಂಗಳೆಲ್ಲ ರಬ್ಬರ್ ಆಗಿರತ್ತೆ. ಜೊತೆಗೆ ಚಟ್ನಿಪುಡಿ ಒಂದು ಸಣ್ಣ ಪೊಟ್ಟಣ ಇರ್ಲಿ. ಸಣ್ಣದೇ, ಅಮೆರಿಕಾ ಫ್ಲೈಟಿಗೆ 350 ಎಂಎಲ್‌ಗಿಂತ ಜಾಸ್ತಿ ಪುಡಿ ಕೈಬ್ಯಾಗಲ್ಲಿದ್ರೆ ತೆಗೆಸಿ ನೋಡ್ತಾರೆ. ಮೊಸರು, ಎಣ್ಣೆ ತೇಲೋ ಉಪ್ಪಿನಕಾಯಿ ಸೆಕ್ಯುರಿಟೀಲಿ ದ್ರವದ ಲೆಕ್ಕಕ್ಕೆ ಹೋಗತ್ತೆ. ಚಪಾತಿ, ಕೋಡುಬಳೆ ಆರಾಮ.

ಹೊರಡೋ ದಿನ ಅವರೆಕಾಳು ಸಾರು, ಸೋಡಾ ಬೇಡ. ಚಿಪ್ಸ್ ಪ್ಯಾಕೆಟ್ ಮೇಲೆ ಹೋದಾಗ ಉಬ್ಬಿರತ್ತಲ್ಲ, ಹೊಟ್ಟೆಯೊಳಗಿನ ಗ್ಯಾಸೂ ಹಂಗೇ ಉಬ್ಬತ್ತೆ. ಕಿವಿ ಕಟ್ಟದೆ ಇರೋಕೆ ಜೊತೆಗೆ ಪೆಪ್ಪರ್‌ಮೆಂಟ್ ಇಟ್ಕೊಳ್ಳಿ, ಹಿಂದೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಟ್ರೇಯಲ್ಲಿ ಪೆಪ್ಪರ್‌ಮೆಂಟು, ಹತ್ತಿ ಇಟ್ಕೊಂಡು ಬರ್ತಿದ್ದಿದ್ದು ಅದಕ್ಕೇನೇ, ನುಂಗ್ತಾ ಇದ್ರೆ ಕಿವಿ ಬಿಡತ್ತೆ. ಖಾಲಿ ಬಾಟಲ್ ತಗೊಂಡು ಹೋಗಿ ಸೆಕ್ಯುರಿಟಿ ದಾಟಿದ ಮೇಲೆ ನೀರು ತುಂಬಿಸ್ಕೊಳ್ಳಿ.

ಇನ್ನು ಮಂಡಿ ವಿಷಯ. 1971ರಲ್ಲಿ ಏರ್ ಇಂಡಿಯಾ ಜಂಬೋ, ಅಂದ್ರೆ ಬೋಯಿಂಗ್ 747 ವಿಮಾನ ತಂದಾಗ ಮಹಡಿ ಮೇಲೆ ಲೌಂಜ್ ಇತ್ತು, ಅದು ದೊಡ್ಡೋರಿಗೆ ಬಿಡಿ, ಆದ್ರೆ ಆ ಕಾಲದಲ್ಲಿ ಸಾಮಾನ್ಯ ಸೀಟಿಗೂ ಸೀಟಿಗೂ 34 ಇಂಚಿನಷ್ಟು ಇರೋದು. ಈಗ ದೂರದ ಫ್ಲೈಟಲ್ಲಿ 31, ಅಗ್ಗದ ಫ್ಲೈಟಲ್ಲಿ 28–29. ಬುಕ್ ಮಾಡೋ ಮುಂಚೆ ವಿಮಾನದ ಮಾಡೆಲ್ ನೋಡಿ. ಬೋಯಿಂಗ್ 787 ಅಥವಾ ಏರ್‌ಬಸ್ ಎ350 ಇದ್ರೆ ಒಳಗಿನ ಒತ್ತಡ 6,000 ಅಡಿ ಲೆಕ್ಕದ್ದು, ತೇವಾನೂ ಸ್ವಲ್ಪ ಜಾಸ್ತಿ, ತಲೆನೋವು ಕಮ್ಮಿ. ವಯಸ್ಸಾದೋರಿಗೆ ಕಿಟಕಿ ಬೇಡ, ನಡುದಾರಿ ಪಕ್ಕದ ಸೀಟು ಕೊಡಿ, ಗಂಟೆ ಎರಡು ಗಂಟೆಗೊಮ್ಮೆ ಎಬ್ಬಿಸಿ ನಡೆಸಿ.

ಕಡೇದಾಗಿ, ಅಮೆರಿಕಾದಲ್ಲಿ ಇಳಿಯುವಾಗ ಬ್ಯಾಗಲ್ಲಿ ಹಣ್ಣು ಇರಬಾರದು, ಉಳಿದ ತಿಂಡಿ ಏನಿದ್ರೂ ಕಸ್ಟಮ್ಸ್‌ನಲ್ಲಿ ಹೇಳ್ಬೇಕು. ಎರಡನೇ ಸಲ ಹೋದಾಗ ಅಮ್ಮ ಎವಿಎಂಎಲ್ ಊಟ ಪೂರ್ತಿ ಮುಗಿಸಿ, ಇಳಿಯೋ ಅನೌನ್ಸ್‌ಮೆಂಟ್ ಆದ ಮೇಲೆ ಬ್ಯಾಗಿಂದ ನಾಲ್ಕು ಏಲಕ್ಕಿ ಬಾಳೆಹಣ್ಣು ತೆಗೆದು ನಂಗೆರಡು ಕೊಟ್ರು, "ಎಸೆಯೋದಕ್ಕಾ ತಂದಿದ್ದು, ತಿನ್ನು."