ಸೋಲರಿಯದ ತಂಡದ ಗೆಲುವುಗಳನ್ನು ಎಣಿಸಿದ್ದು: ನನ್ನ ಅನುಭವ

ಅಮೆರಿಕದ ಬೇಸ್‌ಬಾಲ್ ತಂಡವಾದ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ 1869ರಲ್ಲಿ ಒಂದೂ ಸೋಲಿಲ್ಲದೆ ಗಳಿಸಿದ ಗೆಲುವುಗಳನ್ನು ಮತ್ತೊಮ್ಮೆ ಎಣಿಸಲು ಹೊರಟಾಗ, ಹಳೆಯ ಪಂದ್ಯಗಳನ್ನು ಕೆದಕುವ ಈ ಹವ್ಯಾಸದಲ್ಲಿ ನನಗಿಂತ ಹಿರಿಯರಾದ ಇಬ್ಬರು ನಕ್ಕಿದ್ದರು. ನನ್ನ ಪಟ್ಟು ಇಷ್ಟೇ: ಪಂದ್ಯ ನಡೆದ ವಾರದೊಳಗೆ, ಎರಡೂ ತಂಡಗಳ ಊರಿನ ಪತ್ರಿಕೆಗಳಲ್ಲಿ ಕಾಣಿಸಿದ್ದನ್ನು ಮಾತ್ರ ಒಪ್ಪುವುದು, ದಶಕಗಳ ನಂತರ ಯಾರದೋ ನೆನಪಿನಲ್ಲಿ ಮೊದಲ ಬಾರಿ ತಲೆಯೆತ್ತಿದ್ದನ್ನು ಅಂತೆಕಂತೆಗಳ ಕಡತಕ್ಕೆ ಸೇರಿಸುವುದು.

ಮೊದಲ ಏಳೆಂಟು ತಿಂಗಳು ದುಡ್ಡು ದಂಡವಾಯಿತು. ಪತ್ರಿಕಾ ಭಂಡಾರವೊಂದಕ್ಕೆ ವರ್ಷಕ್ಕೆ ಸುಮಾರು 150 ಡಾಲರ್ ಚಂದಾ ಕಟ್ಟಿ ‘ಬೇಸ್‌ಬಾಲ್’ ಎಂದು ಹುಡುಕುತ್ತ ಕುಳಿತಿದ್ದೆ. ಆ ಕಾಲದವರು ಅದನ್ನು ಎರಡು ಪದವಾಗಿ ಬಿಡಿಸಿ ಅಚ್ಚು ಹಾಕುತ್ತಿದ್ದರೆಂಬುದು ಗೊತ್ತಿದ್ದೂ ಹೊಳೆದಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೂ, ಸವೆದ ಅಚ್ಚುಮೊಳೆಯ ‘ಎಂ’ ಅಕ್ಷರವನ್ನು, ಹಳೆಯ ಪುಟಗಳ ಚಿತ್ರದಿಂದ ಅಕ್ಷರ ಗುರುತಿಸುವ ಯಂತ್ರವು ‘ಆರ್’ ಮತ್ತು ‘ಎನ್’ ಎಂದು ಓದಿ, ಹೇಮೇಕರ್ಸ್ ಎಂಬ ತಂಡವನ್ನೇ ಮಾಯ ಮಾಡುತ್ತಿತ್ತು. ಇಂತಹ ತಪ್ಪುಗಳನ್ನೇ ಬಲೆಯಾಗಿಸಿದ ನನ್ನ ಹುಡುಕುಪದಗಳ ಪಟ್ಟಿಯನ್ನು ಸದ್ಯಕ್ಕೆ ಇಲ್ಲಿ ಬಿಚ್ಚಿಡಲಾರೆ.

ಮುಂದಿನ ಪೆಟ್ಟು ಇನ್ನೂ ಜೋರಾಗಿತ್ತು. ಒಂದು ಪಂದ್ಯದ ಬಗ್ಗೆ ನಾಲ್ಕು ಊರಿನ ಪತ್ರಿಕೆಗಳು ಒಂದೇ ಮಾತು ಹೇಳುತ್ತಿವೆ ಎಂದು ಹಿಗ್ಗಿದ್ದೆ. ಅವುಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಆಟಗಾರನೊಬ್ಬನ ಹೆಸರಿನಲ್ಲಿ ನಾಲ್ಕರಲ್ಲೂ ಅದೇ ಕಾಗುಣಿತದ ತಪ್ಪಿತ್ತು. ಎಲ್ಲವೂ ಒಂದೇ ತಂತಿವರದಿಯ ನಕಲುಗಳು. ಇಪ್ಪತ್ತಕ್ಕೂ ಹೆಚ್ಚು ಪಂದ್ಯಗಳ ಟಿಪ್ಪಣಿಗಳನ್ನು ಹೊಸದಾಗಿ ಬರೆಯಬೇಕಾಯಿತು.

ಗಂಟು ಬಿಚ್ಚಿದ್ದು ಆಗಸ್ಟ್ 26ರಂದು ಟ್ರಾಯ್ ಊರಿನ ಹೇಮೇಕರ್ಸ್ ಜತೆ ನಡೆದ ಪಂದ್ಯದಲ್ಲಿ. 17–17ರಲ್ಲಿ ಸಮವಾಗಿದ್ದಾಗ ಒಂದು ಕ್ಯಾಚಿನ ವಿಷಯಕ್ಕೆ ತಕರಾರು ತೆಗೆದು ಹೇಮೇಕರ್ಸ್ ಮೈದಾನ ಬಿಟ್ಟು ನಡೆದರು. ಅಂಪೈರ್ ಗೆಲುವನ್ನು ಸಿನ್ಸಿನಾಟಿಗೆ ಕೊಟ್ಟರು. ಇದನ್ನು ಗೆಲುವೆಂದರೆ ಒಂದು ಲೆಕ್ಕ, ಸಮವೆಂದರೆ ಇನ್ನೊಂದು. ಆಗಿನ ಬೇಸ್‌ಬಾಲ್ ಆಟಗಾರರ ರಾಷ್ಟ್ರೀಯ ಸಂಘದ ಸದಸ್ಯ ಕ್ಲಬ್‌ಗಳನ್ನಷ್ಟೇ ಹಿಡಿದರೆ ಸಾಮಾನ್ಯವಾಗಿ ಹೇಳುವ 57 ಗೆಲುವು ಬರುತ್ತದೆ. ದಾರಿಯಲ್ಲಿ ಸಿಕ್ಕ ಸಣ್ಣಪುಟ್ಟ ತಂಡಗಳನ್ನೂ ಸೇರಿಸಿದರೆ ಅರವತ್ತು ದಾಟುತ್ತದೆ. ಹೀಗಾಗಿಯೇ 1870ರ ಜೂನ್ 14ರಂದು ಬ್ರೂಕ್ಲಿನ್‌ನ ಅಟ್ಲಾಂಟಿಕ್ಸ್ 11 ಇನಿಂಗ್ಸ್‌ಗಳ ಆಟದಲ್ಲಿ 8–7ರಿಂದ ಮುರಿದ ಆ ಗೆಲುವಿನ ಸರಣಿಗೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೊಡುತ್ತಾರೆ. ಸಂಖ್ಯೆ ಸುಳ್ಳಲ್ಲ, ಎಣಿಸಿದ ಕಟ್ಟಳೆ ಬೇರೆ. ಪಂದ್ಯವಾರು ಪಟ್ಟಿಯನ್ನು ಕಳುಹಿಸಿದ ಮೇಲೆ, ನಕ್ಕಿದ್ದವರಲ್ಲಿ ಒಬ್ಬರು ಇನ್ನೊಂದು ಪ್ರತಿ ಕೇಳಿದರೆಂಬುದನ್ನು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ನಡುವೆ ದಾರಿ ಬಿಟ್ಟು, 1862ರ ಅಕ್ಟೋಬರಿನಲ್ಲಿ 21ನೇ ವಯಸ್ಸಿಗೇ ತೀರಿಕೊಂಡ ಬ್ರೂಕ್ಲಿನ್ ಪಿಚರ್ (ಚೆಂಡೆಸೆಯುವ ಆಟಗಾರ) ಜಿಮ್ ಕ್ರೈಟನ್‌ನ ಕಥೆಯನ್ನೂ ಇದೇ ಒರೆಗೆ ಹಚ್ಚಿದೆ. ಒಂದೇ ಹೊಡೆತಕ್ಕೆ ಎಲ್ಲ ಬೇಸ್‌ಗಳನ್ನೂ ಸುತ್ತಿ ಬರುವಂತಹ ಹೋಂ ರನ್ ಹೊಡೆಯುವ ರಭಸಕ್ಕೆ ಒಳಗೇ ಏನೋ ಹರಿದು ಸತ್ತನೆಂದು ಹೇಳುತ್ತಾರೆ. ಆತನ ಕೊನೆಯ ಪಂದ್ಯದ ಸ್ಕೋರಿನಲ್ಲಿ ಆತನ ಹೆಸರಿಗೆ ಹೋಂ ರನ್ನೇ ಇಲ್ಲ.

ಚಂದಾ, ಮೈಕ್ರೋಫಿಲ್ಮ್ ಪ್ರತಿಗಳು, ಪೆಟ್ರೋಲು ಎಲ್ಲ ಸೇರಿ ಮೂರು ವರ್ಷಕ್ಕೆ ಹತ್ತಿರ ಹತ್ತಿರ 1,400 ಡಾಲರ್ ಕೈಬಿಟ್ಟಿತು. 1869ರ ಇಡೀ ಋತುವಿಗೆ ರೆಡ್ ಸ್ಟಾಕಿಂಗ್ಸ್‌ನ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಕ್ಷೇತ್ರರಕ್ಷಕ) ಜಾರ್ಜ್ ರೈಟ್‌ಗೆ ಸಿಕ್ಕ ಸಂಬಳವೂ ಅಷ್ಟೇ. ಮನೆಯವಳಿಗೆ ಆ ಸಂಬಳದ ವಿಷಯ ಮಾತ್ರ ತಿಳಿಸಿದ್ದೇನೆ.